ಎಡಗಡೆಯ ಪೆಟ್ಟಿಗೆಗೆ ಬಿದ್ದ ಚೀಟಿ

ದರ್ಜಿಯಂಗಡಿಯಲ್ಲಿ ಎಲ್ಲರಿಗೂ ಆಕೆ ಕಾಜಾ ಅಮ್ಮ. ಅಂಗಿಯ ಗುಂಡಿ ತೂರುವ ಸೀಳಿನ ಸುತ್ತ ದಾರ ಹೆಣೆಯುವುದೇ ಕಾಜಾ; ಮೂವತ್ತೊಂದು ವರ್ಷದಿಂದ ಆಕೆಗೆ ಅದೊಂದೇ ಕೆಲಸ. ಒಂದು ಕಾಜಾಗೆ ಇಪ್ಪತ್ತೆರಡು ಹೊಲಿಗೆ. ಇಪ್ಪತ್ತೊಂದಾದರೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. "ಯಾರು ಎಣಿಸ್ತಾರಮ್ಮ?" ಎಂದು ದರ್ಜಿ ನಕ್ಕರೆ, "ನಾನಿದ್ದೀನಲ್ಲ" ಎನ್ನುತ್ತಿದ್ದಳು.

ಓದುಬರಹ ಮಾತ್ರ ಅಷ್ಟಕ್ಕಷ್ಟೆ. ಒಂದು ಸಾಲು ಬರೆಯುವಷ್ಟರಲ್ಲಿ ಹಣೆ ಬೆವರುತ್ತಿತ್ತು.

ಅವರ ಚರ್ಚಿನ ಬಾಗಿಲ ಬಳಿ ಎರಡು ಪೆಟ್ಟಿಗೆಗಳು. ಬೇಡಿಕೆಯ ಚೀಟಿ ಎಡಕ್ಕೆ, ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಚೀಟಿ ಬಲಕ್ಕೆ. ಆರಾಧನೆಯಲ್ಲಿ ಪಾದ್ರಿಗಳು ಅವನ್ನು ತೆಗೆದು ಓದುತ್ತಿದ್ದರು. ಪೆಟ್ಟಿಗೆಗಳ ಮೇಲೆ ಬರೆದದ್ದನ್ನು ಆಕೆ ಎಂದೂ ಓದಿದವಳಲ್ಲ. ಕೈಗೇ ದಾರಿ ಗೊತ್ತಿತ್ತು.

ಬಡಗಿ ಕೆಲಸದ ಮಗನ ಬಲಗೈಯ ಎರಡು ಬೆರಳನ್ನು ಗರಗಸದ ಯಂತ್ರ ಕತ್ತರಿಸಿ ಹಾಕಿದ ಮೇಲಿನ ಮೂರನೆಯ ಭಾನುವಾರ, ಆಕೆ ಚೀಟಿ ಬರೆದಳು: "ಮಗನ ಬಲಗೈ. ಎರಡು ಬೆರಳು." ಉಳಿದದ್ದು ದೇವರಿಗೆ ಗೊತ್ತೇ ಇದೆಯಲ್ಲ. ಎಡಕ್ಕೆ ಹಾಕಿದಳು. ಆ ವಾರ ಗೋಡೆಗೆ ಬಣ್ಣ ಬಳಿದವನು ಪೆಟ್ಟಿಗೆಗಳನ್ನು ಅದಲುಬದಲು ಮಾಡಿ ತೂಗುಹಾಕಿದ್ದ.

ಅಂದು ಬಂದಿದ್ದವರು ಬೇರೆ ಊರಿನ ಪಾದ್ರಿ. ಬೆರಳು ವಾಸಿಯಾಗಿರಬೇಕು ಅಂದುಕೊಂಡರೋ ಏನೋ, ತುಂಬು ದನಿಯಲ್ಲಿ ಓದಿದರು: "ಒಬ್ಬ ತಾಯಿ ತನ್ನ ಮಗನ ಬಲಗೈಗಾಗಿ, ಎರಡು ಬೆರಳಿಗಾಗಿ, ದೇವರಿಗೆ ಸ್ತೋತ್ರ ಸಲ್ಲಿಸುತ್ತಾಳೆ."

ಮಾತು ಆಡಿದರೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಮಗ ಎದ್ದು ಹೊರಗೆ ನಡೆದ.

ಅಪ್ಪ ತೀರಿಕೊಂಡ ಮೇಲೆ ಊಟದ ಮುಂಚಿನ ಪ್ರಾರ್ಥನೆ ಮಗನದ್ದೇ. ಈಗ ಅವನು ತಟ್ಟೆ ಎತ್ತಿಕೊಂಡು ಹಿತ್ತಲ ಬೆಂಚಿಗೆ ಹೋಗಿ ಉಣ್ಣುತ್ತಿದ್ದ. ಬಾಯಿಗೆ ಬೀಗ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಆಕೆಯ ಕಾಜಾದಲ್ಲಿ ಹತ್ತೊಂಬತ್ತೇ ಹೊಲಿಗೆ ಕಂಡು ದರ್ಜಿ ಕತ್ತರಿ ಕೆಳಗಿಟ್ಟ. ಪೆಟ್ಟಿಗೆ ಅದಲುಬದಲಾದ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು.

"ಮಗನಿಗೆ ಬಾಯಿಬಿಟ್ಟು ಹೇಳಮ್ಮ. ತಪ್ಪು ಬಣ್ಣದವನದ್ದು, ಶಿಕ್ಷೆ ನಿಂಗ್ಯಾಕೆ?"

ಅಂದು ಸಂಜೆ ಆಕೆಯೂ ಹಿತ್ತಲಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಳು.

"ಪೆಟ್ಟಿಗೆ ತಪ್ಪಿತು ಮಗಾ. ನಾನು ಬೇಡ್ಕೊಂಡಿದ್ದು."

"ಗೊತ್ತು. ಬಣ್ಣದವನೇ ಬಂದು ಹೇಳಿದ. ಸರಿಯಾದ ಪೆಟ್ಟಿಗೆಗೆ ಬಿದ್ದಿದ್ರೆ ಬೆರಳು ಚಿಗುರ್ತಿತ್ತಾ?"

"ಇಲ್ಲ."

"ಬಂದೋರೆಲ್ಲ ಇದರಲ್ಲೂ ದೇವರ ಉದ್ದೇಶ ಇದೆ ಅಂತ ಹೇಳಿ ಎದ್ದು ಹೋಗ್ತಾರೆ. ನೀನೂ ಹೇಳ್ಬಿಡು."

ಎಣಿಸದೆ ಲೆಕ್ಕ ಹೇಳುವವಳಲ್ಲ ಆಕೆ.

"ಇದೆ ಅಂತ ನಂಬ್ತೀನಿ. ಏನು ಅಂತ ಗೊತ್ತಿಲ್ಲ. ನಿಮ್ಮಪ್ಪ ಹೋಗಿ ಹದಿನಾಲ್ಕು ವರ್ಷ ಆಯ್ತು, ಅದ್ಯಾಕೆ ಅಂತ್ಲೂ ಇನ್ನೂ ತಿಳಿದಿಲ್ಲ. ಆದ್ರೆ ನೀನು ಹುಟ್ಟಿದ ದಿನ ನನ್ನ ಜೊತೆ ಇದ್ದ ದೇವರೇ ಅಪ್ಪ ಹೋದ ದಿನಾನೂ ಇದ್ದ. ಅಷ್ಟು ಗೊತ್ತು."

"ಅಷ್ಟು ಸಾಕಾ?"

"ಕೆಲವು ದಿನ ಸಾಲಲ್ಲ. ಅವತ್ತು ಜಗಳ ಆಡ್ತೀನಿ."

"ದೇವರ ಜೊತೆನಾ?"

"ಇನ್ಯಾರ ಜೊತೆ ಆಡ್ಲಿ? ನೀನು ಮಾತೇ ಬಿಟ್ಟಿದ್ದೆ."

ಮಗನ ತುಟಿಯಂಚು ಸಡಿಲವಾಯಿತು. ತಟ್ಟೆ ಹಿಡಿದು ಎದ್ದು ಒಳಗೆ ಬಂದ. ಇಷ್ಟು ದಿನ ಯಾರ ಕಣ್ಣಿಗೂ ಬೀಳದಂತೆ ತೊಡೆಯ ಮೇಲೆ ಮುಚ್ಚಿಡುತ್ತಿದ್ದ ಪಟ್ಟಿ ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟ.

"ಪ್ರಾರ್ಥನೆ ನೀನೇ ಮಾಡು. ನನ್ನ ಬಾಯಿಗೆ ಇನ್ನೂ ಬರ್ತಿಲ್ಲ."

ಆಕೆ ಊಟಕ್ಕಾಗಿ ಸ್ತೋತ್ರ ಹೇಳಿದಳು. ಆಮೇಲೆ ತನ್ನ ಕೈಯನ್ನು ಆ ಕೈಯ ಮೇಲಿಟ್ಟು, "ಇದು ಯಾಕೆ ಅಂತ ನಿನಗೆ ಗೊತ್ತು ಕರ್ತನೇ. ನಮಗೆ ತಿಳಿಯೋ ತನಕ ನಮ್ಮನ್ನ ಬಿಡಬೇಡ" ಎಂದಳು.

ಆಕೆ ಕಣ್ಣು ತೆರೆಯದೆ ಕಾದಳು.

"ಆಮೆನ್" ಎಂದ ಮಗ, ತುಸು ತಡವಾಗಿ. "ತಣ್ಣಗಾಗ್ತಿದೆ, ಊಟ ಮಾಡಮ್ಮ."