ಸಾಸ್ವೆಹಳ್ಳಿಯಲ್ಲಿ ನಿಂತುಹೋದ ಸಮುದ್ರದ ಸುದ್ದಿ

೧೯೪೨ರ ಬೇಸಿಗೆಯಲ್ಲಿ ನಾನು ಹೊನ್ನಾಳಿಯ ಹವಾಮಾನ ವೀಕ್ಷಣಾ ಕೇಂದ್ರದಲ್ಲಿ ಅಬ್ಸರ್ವರ್ ಆಗಿದ್ದೆ. ಕೇಂದ್ರವೆಂದರೆ ಒಂದು ಹೆಂಚಿನ ಕೋಣೆ, ಗೋಡೆಗೆ ಪಾದರಸದ ಬ್ಯಾರೋಮೀಟರ್, ಅಂಗಳದಲ್ಲಿ ಮಳೆಮಾಪಕ, ಮೇಲಿನ ಗಾಳಿಯ ದಿಕ್ಕು ನೋಡಲು ಹಾರಿಸುವ ಬಲೂನು, ಇಷ್ಟೆ. ನನ್ನ ಹುಟ್ಟೂರು ಚನ್ನಗಿರಿ. ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಹೊನ್ನಾಳಿಗೆ ಬರುವ ಮೊದಲು ಕೆಲವು ವರ್ಷ ಪಶ್ಚಿಮ ಕರಾವಳಿಯ ಬಂದರೊಂದರಲ್ಲಿ ಸಮುದ್ರದ ಹವಾಮಾನ ನಕ್ಷೆ ಬರೆಯುವ ಮೇಜಿನಲ್ಲಿ ದುಡಿದಿದ್ದೆ. ಕಡಲು ಕಾಣದ ಈ ಊರಿನಲ್ಲಿ ನಿಮಗೇನು ಕೆಲಸ ಎಂದು ಜನ ತಮಾಷೆ ಮಾಡುತ್ತಿದ್ದರು. ನಿಮ್ಮ ಹೊಳೆಯ ನೀರು ಎಲ್ಲಿಂದ ಬರುತ್ತದೆ ಎಂದು ನಾನು ತಿರುಗಿ ಕೇಳುತ್ತಿದ್ದೆ.

ಯುದ್ಧಕ್ಕೆ ಮುಂಚೆ ಸಮುದ್ರದ ಮುನ್ಸೂಚನೆ ಬರೆಯುವುದು ಈಗ ನೆನೆದರೆ ಸುಖದ ಕೆಲಸ. ಅರಬ್ಬೀ ಸಮುದ್ರದ ಮೇಲೆ ಓಡಾಡುವ ಹಡಗುಗಳು ಗಾಳಿ, ಒತ್ತಡ, ಅಲೆಯ ಎತ್ತರ ಎಲ್ಲವನ್ನೂ ವೈರ್‌ಲೆಸ್ಸಿನಲ್ಲಿ ಕಳಿಸುತ್ತಿದ್ದವು. ಆ ಅಂಕಿಗಳನ್ನು ನಕ್ಷೆಯ ಮೇಲೆ ಕೂರಿಸಿ, ಒಂದೇ ಒತ್ತಡದ ಜಾಗಗಳನ್ನು ಗೆರೆಯಿಂದ ಸೇರಿಸಿದರೆ ವಾಯುಭಾರ ಕುಸಿತ ಎಲ್ಲಿದೆ, ಎತ್ತ ಹೊರಟಿದೆ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ಯುದ್ಧ ಶುರುವಾದದ್ದೇ ತಡ, ಹಡಗುಗಳು ಬಾಯಿ ಮುಚ್ಚಿದವು. ಮಾತಾಡಿದರೆ ಶತ್ರುವಿಗೆ ತಾವಿರುವ ಜಾಗ ತಿಳಿಯುತ್ತದೆಂಬ ಭಯ. ನಕ್ಷೆಯಲ್ಲಿ ಸಮುದ್ರದ ಭಾಗ ಬರಿದಾಯಿತು. ಅದರ ಜೊತೆಗೆ ಹವಾಮಾನದ ಸುದ್ದಿಯೇ ಗುಟ್ಟಾಯಿತು. ಪತ್ರಿಕೆಗೆ ಕೊಡುವಂತಿಲ್ಲ, ಹೊರಗೆ ಯಾರಿಗೂ ಹೇಳುವಂತಿಲ್ಲ. ಹೇಳಿದವನಿಗೆ ಜೈಲು.

ಒಳನಾಡಿನ ನಮ್ಮಂಥ ಕೇಂದ್ರಗಳಿಗೆ ಬೆಲೆ ಬಂದದ್ದು ಆಗ. ಕಡಲು ಮಾತಾಡದಿದ್ದರೆ ನೆಲವನ್ನೇ ಕೇಳಬೇಕಲ್ಲ. ಸಮುದ್ರದ ಮೇಲೆ ಏನೋ ಎದ್ದಿದೆ ಎಂಬ ಅನುಮಾನ ಬಂದರೆ ಮೇಲಿನ ಕಚೇರಿಯಿಂದ ಸಂಕೇತದ ತಂತಿ ಬರುತ್ತಿತ್ತು: ಮೂರು ಗಂಟೆಗೊಮ್ಮೆ ಮಾಪಕಗಳನ್ನು ಓದಿ ಕಳಿಸಿ. ಕಾರಣ ಬರೆಯುತ್ತಿರಲಿಲ್ಲ. ಆದರೆ ಕಡಲ ನಕ್ಷೆ ಬರೆದವನಿಗೆ ಕಾರಣ ಬೇರೆ ಹೇಳಬೇಕೆ?

ಕೇಂದ್ರದ ಜಾಗ ಸಾಸ್ವೆಹಳ್ಳಿಯ ರುದ್ರಪ್ಪನವರದು. ಹೊಳೆಯಂಚಿನಲ್ಲಿ ಹೊಲ, ನ್ಯಾಮತಿಯಲ್ಲಿ ಅಡಿಕೆ ವ್ಯಾಪಾರ, ಊರಿನಲ್ಲಿ ಒಳ್ಳೆಯ ಹೆಸರು. ಪೇಟೆಗೆ ಬಂದಾಗಲೆಲ್ಲ ಸಂಜೆ ನಮ್ಮ ಬೆಂಚಿನ ಮೇಲೆ ಕೂತು ಹರಟಿ ಹೋಗುತ್ತಿದ್ದರು. ಅವರ ಮನೆಯ ಹಬ್ಬದ ಹೋಳಿಗೆ ನಮ್ಮ ಮನೆಗೆ, ನಮ್ಮ ಈದಿನ ಶೀರ್‌ಖುರ್ಮಾ ಅವರ ಮನೆಗೆ. ನನ್ನ ಹೆಂಡತಿಗೆ ಜ್ವರ ಏರಿದಾಗ ತಮ್ಮ ಗಾಡಿ ಕಟ್ಟಿಸಿ ಡಾಕ್ಟರನ್ನು ಕರೆತಂದವರು ಅವರೇ. ಸ್ವಂತ ಅಣ್ಣನನ್ನು ನಾನು ಅಷ್ಟು ನಂಬಿರಲಿಲ್ಲ.

ಆ ವರ್ಷ ರುದ್ರಪ್ಪನವರ ಹೊಳೆಹೊಲದಲ್ಲಿ ಜಗಳೂರು ಕಡೆಯ ಮೈಲಪ್ಪನ ಕುರಿಮಂದೆ ಇಳಿದಿತ್ತು. ಅತ್ತಲ ಕುರಿಗಾರರು ಬೇಸಿಗೆಯಲ್ಲಿ ಮೇವು, ನೀರು ಹುಡುಕಿಕೊಂಡು ಹೊಳೆಸಾಲಿಗೆ ಬರುತ್ತಾರೆ. ಹೊಲದಲ್ಲಿ ರಾತ್ರಿ ಮಂದೆ ತರುಬಿದರೆ ಹಿಕ್ಕೆ, ಗಂಜಲದಿಂದ ನೆಲ ಹದವಾಗುತ್ತದೆ. ಅದಕ್ಕೆ ಹೊಲದವರು ಕಾಳು ಕೊಡುತ್ತಾರೆ, ಊಟ ಹಾಕುತ್ತಾರೆ. ದಿನವೂ ಕುರಿ ಕೂಡುವ ಹಟ್ಟಿಯನ್ನು ಸ್ವಲ್ಪ ಸ್ವಲ್ಪ ಸರಿಸಿ ಇಡೀ ಹೊಲಕ್ಕೆ ಗೊಬ್ಬರ ತಾಕಿಸುವುದು ಪದ್ಧತಿ. ಮಂದೆ ಇರುವಷ್ಟು ದಿನ ಹಟ್ಟಿ ಎಲ್ಲಿ, ಯಾವಾಗ ಎಬ್ಬಿಸಬೇಕು ಎಂಬುದಕ್ಕೆ ಹೊಲದೊಡೆಯನ ಮಾತೇ ಮಾತು. ಬೇರೆಯವರು ಬಂದು ಎಬ್ಬಿಸು ಎಂದರೆ ಕುರಿಗಾರ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೈಲಪ್ಪನ ಮಂದೆಯಲ್ಲಿ ಅವನದೇ ಕುರಿ ಕಡಿಮೆ. ಹೆಚ್ಚಿನವು ಅವನ ಊರಿನ ಹಲವು ಮನೆಯವರು ನಂಬಿ ಒಪ್ಪಿಸಿದವು.

ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ಬ್ಯಾರೋಮೀಟರ್ ನೋಡಿ ನನಗೆ ಗಾಬರಿಯಾಯಿತು. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು. ಬೆಳಗಿನ ಹತ್ತಕ್ಕೆ ಅದು ಏರಿರಲೇಬೇಕು. ಅಂದು ಇಳಿದಿತ್ತು. ಆಕಾಶದಲ್ಲಿ ಪಡುವಣದಿಂದ ತೆಳುವಾದ ಎಳೆಮೋಡ ಹರಡಿತ್ತು. ಮಧ್ಯಾಹ್ನ ತಂತಿಯೂ ಬಂತು: ಮೂರು ಗಂಟೆಗೊಮ್ಮೆ ಓದಿ. ಅರಬ್ಬೀ ಸಮುದ್ರದಲ್ಲಿ ದೊಡ್ಡದೊಂದು ಕುಸಿತ ದಡದ ಕಡೆ ಬರುತ್ತಿದೆ, ಘಟ್ಟದಲ್ಲಿ ಅಕಾಲದ ಭಾರೀ ಮಳೆ ಸುರಿಯುತ್ತದೆ, ತುಂಗೆ ಭದ್ರೆಯರು ಒಂದೆರಡು ದಿನದಲ್ಲಿ ಮೇಲೇಳುತ್ತಾರೆ ಎಂದು ನನಗೆ ಖಚಿತವಾಯಿತು. ಕಣ್ಣಿಗೆ ಕಟ್ಟಿದ್ದು ಹೊಳೆಯಂಚಿನ ಆ ಮಂದೆ.

ಅತ್ತ ದರಿ ಇತ್ತ ಪುಲಿ. ಹೇಳಿದರೆ ಜೈಲು, ಹೇಳದಿದ್ದರೆ ಮಂದೆ ಹೊಳೆಪಾಲು. ಓದುವ ಕೆಲಸ ಬಿಟ್ಟು ಸಾಸ್ವೆಹಳ್ಳಿಗೆ ಹೋಗುವಂತೆಯೂ ಇರಲಿಲ್ಲ. ಸಂಜೆ ರುದ್ರಪ್ಪನವರು ಎಂದಿನಂತೆ ಬಂದಾಗ ದೇವರೇ ಕಳಿಸಿದ ಎಂದುಕೊಂಡೆ. ಬಾಗಿಲು ಮುಂದೆ ಮಾಡಿ ಹೇಳಿಬಿಟ್ಟೆ.

"ಕಡಲಿನಾಗೆ ಏನೋ ಎದ್ದೈತೆ, ರುದ್ರಪ್ಪನೋರೆ. ಹೊಳೆ ಬರ್ತೈತೆ. ಮಂದೇನ ಇವತ್ತೇ ಮೇಲಿನ ದಿಬ್ಬಕ್ಕೆ ಹತ್ತಿಸ್ರಿ. ನಾನು ಹೇಳಿದೆ ಅನ್ನಬ್ಯಾಡ್ರಿ, ಅಷ್ಟೇ."

ಅವರು ನನ್ನ ಕೈ ಹಿಡಿದುಕೊಂಡರು. "ನೀವು ಹೇಳಿದ ಮ್ಯಾಲೆ ಮುಗೀತು ಸಾಹೇಬ್ರೆ. ಹೋದ ಕೂಡ್ಲೆ ಎಬ್ಬಿಸ್ತೀನಿ."

ಮರುದಿನ ಹೊನ್ನಾಳಿಯಲ್ಲಿ ಗಾಳಿ, ತುಂತುರು, ಅಷ್ಟೆ. ಪಡುವಣ ದಿಕ್ಕು ಮಾತ್ರ ಕಾಡಿಗೆ ಕಪ್ಪು. ಓದುತ್ತಾ, ಕಳಿಸುತ್ತಾ ನನಗೆ ಒಂದೇ ಸಮಾಧಾನ: ಮಂದೆ ದಿಬ್ಬದ ಮೇಲಿದೆ. ಮಾರನೆಯ ನಸುಕಿಗೆ ಹೊಳೆ ಕೆಂಪಾಗಿ ಎದ್ದಿತು. ಹಗಲು ಏರುವಷ್ಟರಲ್ಲಿ ಸೇತುವೆಯ ಬಳಿ ನಿಂತಿದ್ದ ಜನ ತೋರಿಸಿದರು. ನೀರಿನಲ್ಲಿ ಕುರಿಗಳು ಬರುತ್ತಿದ್ದವು. ಮರಿಗಳನ್ನು ಮುಚ್ಚಿಡುವ ಬಿದಿರು ಬುಟ್ಟಿಗಳೂ ತೇಲಿ ಬಂದವು.

ವಿಚಾರಣೆಗೆ ಅಮಲ್ದಾರರು ಸಾಸ್ವೆಹಳ್ಳಿಗೆ ಬಂದರು. ಮಳೆ ಲೆಕ್ಕ ಕೊಡಲು ನನ್ನನ್ನೂ ಕರೆಸಿದರು. ಹೊಲದ ಬದುವಿನ ಮೇಲೆ ಮೈಲಪ್ಪ ಕುಕ್ಕುರುಗಾಲಲ್ಲಿ ಕೂತಿದ್ದ. ಉಳಿದ ಕೆಲವೇ ಕುರಿಗಳು ಅವನ ಬೆನ್ನಿಗೆ ಒತ್ತಿಕೊಂಡು ನಿಂತಿದ್ದವು. ಯಾರೂ ಏನೂ ಹೇಳಲಿಲ್ಲವೇ ಎಂದು ಅಮಲ್ದಾರರು ಕೇಳಿದರು. ಮೊನ್ನೆ ಸಂಜೆ ಯಜಮಾನರು ಬಂದಿದ್ದರು, ಹೊಲದ ಕೆಳಗಿನ ಪಟ್ಟಿಗೆ ಇನ್ನೂ ಗೊಬ್ಬರ ತಾಕಿಲ್ಲ, ಹಟ್ಟಿಯನ್ನು ಹೊಳೆ ಕಡೆಗೆ ಸರಿಸು, ಎರಡು ರಾತ್ರಿ ಇದ್ದು ಹೋಗು ಎಂದರು ಎಂದು ಮೈಲಪ್ಪ ಹೇಳಿದ. ಅವನ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೆ.

ನನ್ನ ಮಾತು ಕೇಳಿ ಹೋದವರು ಮಂದೆಯನ್ನು ಮೇಲಕ್ಕೆ ಹತ್ತಿಸಲಿಲ್ಲ. ಹೊಳೆ ಬರುವ ಮೊದಲು ಉಳಿದ ಪಟ್ಟಿಗೂ ಗೊಬ್ಬರ ಹಾಕಿಸಿಕೊಂಡುಬಿಡೋಣ ಎಂದು ಕೆಳಕ್ಕೆ ಇಳಿಸಿದ್ದರು! ಮಂದೆ ದಿಬ್ಬ ಹತ್ತಿದರೆ, ಮಳೆ ಬಂತೆಂದು ಹಾಗೆಯೇ ಜಗಳೂರಿನ ದಾರಿ ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಜೈಲಾದರೆ ಆಗಲಿ ಎಂದುಕೊಂಡು ಎದ್ದು ನಿಂತು, ನಾನು ಇವರಿಗೆ ಮುಂಚೆಯೇ ಹೇಳಿದ್ದೆ ಎಂದೆ.

ರುದ್ರಪ್ಪನವರು ಬೆಚ್ಚಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಅಮಲ್ದಾರರ ಕಡೆ ತಿರುಗಿದರು. "ಸಾಹೇಬ್ರು ಸಂಕಟದಾಗೆ ಏನೋ ಅಂತಾರೆ, ಬರ್ಕೋಬ್ಯಾಡ್ರಿ ಸ್ವಾಮಿ. ಗುಟ್ಟು ಬಿಟ್ಟರು ಅಂತ ಅವ್ರ ಅನ್ನಕ್ಕೆ ಕುತ್ತು ಬರ್ತೈತೆ. ನಂಗೆ ಯಾರೂ ಏನೂ ಹೇಳಿಲ್ಲ."

ಅಮಲ್ದಾರರು ಒಳ್ಳೆಯವರು, ಬರೆದುಕೊಳ್ಳಲಿಲ್ಲ. ಸ್ನೇಹ ಅಂದರೆ ಇದು ಎಂದು ಸುತ್ತಲಿದ್ದವರು ತಲೆದೂಗಿದರು. ನನ್ನನ್ನು ಕಾಪಾಡಿದ ಪುಣ್ಯವೂ ಅವರಿಗೇ ಸಂದಿತು. ಅಪಘಾತ ದೈವಿಕ, ಕುರಿಗಾರನ ಅಜಾಗರೂಕತೆಯೂ ಇದೆ ಎಂದು ವರದಿಯಾಯಿತು. ಸಂಜೆ ರುದ್ರಪ್ಪನವರ ಮನೆಯಿಂದ ಒಂದು ಬುಟ್ಟಿ ಮಾವಿನಹಣ್ಣು ಬಂತು. ಹೊತ್ತು ತಂದವನ ತಲೆಯ ಮೇಲಿಂದ ಇಳಿಸಲೂ ಬಿಡದೆ ವಾಪಸು ಕಳಿಸಿದೆ. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದದ್ದಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ, ಇವರನ್ನಾ ನಾನು ನಂಬಿದ್ದು ಎಂದು.

ಮೈಲಪ್ಪ ಊರಿಗೆ ಹೋಗಿ ಏನು ಹೇಳುತ್ತಾನೆ? ಕುರಿ ಒಪ್ಪಿಸಿದವರು, ಮಲಗಿ ನಿದ್ದೆ ಹೊಡೆದೆ, ಇಲ್ಲವೆ ಮಾರಿಕೊಂಡೆ ಎನ್ನುತ್ತಾರೆ. ಮುಂದೆ ಯಾರೂ ಅವನ ಕೈಗೆ ಒಂದು ಮರಿಯನ್ನೂ ಕೊಡುವುದಿಲ್ಲ. ರಜೆ ಹಾಕಿ ಬಸ್ಸು ಹಿಡಿದು ಜಗಳೂರಿಗೆ ಹೋದೆ. ಅಲ್ಲಿಂದ ಅವನ ಹಳ್ಳಿಗೆ ನಡೆದೆ. ಕಟ್ಟೆಯ ಮೇಲೆ ಕುರಿ ಒಪ್ಪಿಸಿದವರೆಲ್ಲ ಸೇರಿದ್ದರು, ಮೈಲಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನು ಯಾರು, ಏನು ಹೇಳಿದ್ದೆ, ಯಾರಿಗೆ ಹೇಳಿದ್ದೆ, ಎಲ್ಲವನ್ನೂ ಹೇಳಿದೆ. ಕೊನೆಗೆ ಒಬ್ಬ ಮುದುಕಿ ಒಂದೇ ಪ್ರಶ್ನೆ ಕೇಳಿದಳು.

"ಹಟ್ಟಿ ಕೆಳಗೆ ಸರಿಸಿದ್ದು ಯಾರ ಮಾತಿನ ಮ್ಯಾಲೆ?"

ಹೊಲದ ಯಜಮಾನರ ಮಾತಿನ ಮೇಲೆ ಎಂದೆ. ಹಾಗಾದರೆ ಹುಡುಗನ ತಪ್ಪಿಲ್ಲ ಎಂದು ಅವಳು ಎದ್ದು ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಅವರಿಗೆ ಆ ಪದ್ಧತಿ ಅರ್ಥವಾಗಿತ್ತು, ಅಮಲ್ದಾರರಿಗೆ ಆಗಿರಲಿಲ್ಲ.

ಬಸ್ಸಿನವರೆಗೆ ಮೈಲಪ್ಪ ಜೊತೆಗೆ ಬಂದ. ನಾನೇನೋ ಋಣ ತೀರಿಸಿದೆನೆಂಬ ಹಗುರದಲ್ಲಿದ್ದೆ. ಬಸ್ಸು ಕಂಡಾಗ ಅವನು ಮೆಲ್ಲಗೆ ಹೇಳಿದ: "ಕಡಲಿನ ಸುದ್ದಿ ಅಷ್ಟು ದೂರದಿಂದ ಹೊನ್ನಾಳಿಗೆ ಬಂತು. ಹೊನ್ನಾಳಿಯಿಂದ ಅವ್ರ ಮನೆ ತಂಕನೂ ಬಂತು. ಅವ್ರ ಜಗಲಿ ಇಳಿದು ನನ್ನ ಹಟ್ಟಿಗೆ ಬರಾಕೆ ಮಾತ್ರ ಆಗಲಿಲ್ಲ, ಅಲ್ವೇನ್ರಿ?"

ನಾನು ಯುದ್ಧಕಾಲದ ಗುಟ್ಟನ್ನು ಜಗಳೂರಿನ ಕಟ್ಟೆಯ ಮೇಲೆ ಆಡಿದೆ ಎಂದು ತಿಂಗಳೊಳಗೆ ಮೇಲಿನ ಕಚೇರಿಗೆ ಅರ್ಜಿ ಹೋಯಿತು. ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ. ಜೈಲು ತಪ್ಪಿತು, ಬಡ್ತಿ ಹೋಯಿತು. ಕರಾವಳಿಯ ಒಂದು ಸಣ್ಣ ಬಂದರಿಗೆ ಬಿರುಗಾಳಿಯ ಸಿಗ್ನಲ್ ಏರಿಸುವ ಕೆಲಸಕ್ಕೆ ಹಾಕಿದರು.

ಯುದ್ಧ ಮುಗಿದು ಗುಟ್ಟಿನ ಕಟ್ಟು ಸಡಿಲವಾದ ಮೇಲೂ ಅಲ್ಲಿಯೇ ಇದ್ದೆ. ಕಂಬಕ್ಕೆ ಸಿಗ್ನಲ್ ಏರಿಸಿದರೆ ನನ್ನ ಕರ್ತವ್ಯ ಮುಗಿಯುತ್ತಿತ್ತು. ನಾನು ಮಾತ್ರ ಕೆಳಗಿಳಿದು, ಮರಳಿನ ಮೇಲೆ ನಡೆದು, ಹೊರಡಲಿರುವ ಪ್ರತಿ ದೋಣಿಯ ತಂಡೇಲನನ್ನು, ಅಂದರೆ ದೋಣಿ ನಡೆಸುವವನನ್ನು, ಖುದ್ದಾಗಿ ಕಂಡು ಹೇಳಿ ಬರುತ್ತಿದ್ದೆ. ಮುನ್ಸೂಚನೆ ಎಷ್ಟೇ ಸರಿಯಿರಲಿ, ನೀರಿಗೆ ಇಳಿಯುವವನ ಕಿವಿಗೆ ಬೀಳುವವರೆಗೆ ಅದು ಬರೀ ಅಂಕಿ ಎಂಬುದನ್ನು ನನಗೆ ಕೆಲಸ ಕಲಿಸಿತ್ತು. ಒಮ್ಮೆ ದೋಣಿಯ ಮಾಲೀಕರೊಬ್ಬರು, ಈ ವಯಸ್ಸಿನಲ್ಲಿ ಬಿಸಿಲಲ್ಲಿ ಯಾಕೆ ಓಡಾಡುತ್ತೀರಿ, ನನಗೆ ಹೇಳಿ, ನಾನು ತಿಳಿಸುತ್ತೇನೆ ಎಂದು ಪ್ರೀತಿಯಿಂದ ಕುರ್ಚಿ ಎಳೆದರು. ನಾನು ಕೂರಲಿಲ್ಲ. ಅವರು ಒಳ್ಳೆಯವರೇ ಇದ್ದಿರಬೇಕು. ರುದ್ರಪ್ಪನವರೂ ಒಳ್ಳೆಯವರೇ ಆಗಿದ್ದರು.