ವ್ಯಾನಿನ ಲೋವರ್ ಆರ್ಮ್ ಮೇಲೊಂದು ಕೆಂಪು ಗೆರೆ

ಗೆಳೆಯರೇ, ಇವತ್ತು ಕೂದಲೆಳೆಯಷ್ಟು ಗೆರೆಯೊಂದಕ್ಕೆ ಜಗಳವಾಡಿದೆ.

ಹಳೆಯ ಬಿಡಿಭಾಗಗಳಲ್ಲಿ ಯಾವುದನ್ನು ಸರಿಮಾಡಿ ಮತ್ತೆ ಗಾಡಿಗೆ ಹಾಕಬಹುದು, ಯಾವುದು ಗುಜರಿಗೆ ಎಂದು ಹೇಳುವುದು ಶಿಕಾರಿಪುರದ ಶೆಡ್ಡಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಸೊರಬದಿಂದ ಸ್ಕೂಲ್ ವ್ಯಾನಿನ ಬಸಣ್ಣ ಬಂದರು. ಮುಂದಿನ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಬಿಚ್ಚಿ ತಂದಿದ್ದರು. "ಇದರ ರಬ್ಬರ್ ಬುಷ್ ಸವೆದುಹೋಗಿದೆ, ಅಷ್ಟೇ" ಎಂದರು.

ತೊಳೆದು, ಕೆಂಪು ಬಣ್ಣ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸ್ಪ್ರೇ ಮಾಡಿದೆ. ಬಿರುಕಿದ್ದರೆ ಒಳಗಿಳಿದ ಬಣ್ಣ ಹೊರಗೆ ಬರುತ್ತದೆ. ಬಂತು.

"ಬಿರುಕಿದೆ ಬಸಣ್ಣ. ಇದು ಗುಜರಿಗೇ."

"ಬಿರುಕಲ್ರೀ ಮೇಡಂ, ಕುಂಕುಮ! ಆಯುಧಪೂಜೇಲಿ ನಾನೇ ಹಚ್ಚಿದ್ದು. ದೇವರ ಕುಂಕುಮಕ್ಕೂ ಫೇಲ್ ಮಾಡ್ತೀರೇನ್ರೀ?"

ನಗು ಬಂತು, ಹಿಂದೆಯೇ ಹೆದರಿಕೆ. ಅವರು ಹೇಳಿದ್ದು ನಿಜವಿದ್ದರೆ? ಒಳ್ಳೆಯ ಕಬ್ಬಿಣವನ್ನು ಸುಮ್ಮನೆ ಎಸೆಯುತ್ತಿದ್ದೇನಾ? ನಿಜವಲ್ಲದಿದ್ದರೆ, ಆ ವ್ಯಾನಿನಲ್ಲಿ ಕೂರುವುದು ಮಕ್ಕಳು. ಮತ್ತೆ ಉಜ್ಜಿ ತೊಳೆದೆ. ಮತ್ತೆ ಬಣ್ಣ, ಮತ್ತೆ ಪುಡಿ. ಗೆರೆ ಅದೇ ಜಾಗದಲ್ಲಿ ಎದ್ದಿತು.

ಬಸಣ್ಣ ಬಗ್ಗಿ ಬಹಳ ಹೊತ್ತು ನೋಡಿದರು.

"ನಿನ್ನೆ ಸಂಜೆವರೆಗೂ ಮಕ್ಕಳನ್ನ ಕೂರಿಸ್ಕೊಂಡು ಇದರ ಮೇಲೇ ಓಡಿಸಿದೀನಲ್ರೀ," ಎಂದರು. ಆಮೇಲೆ, "ಕತ್ತರಿಸಿಬಿಡ್ರಿ. ಇನ್ಯಾರ ಕೈಗೂ ಸಿಗೋದು ಬೇಡ."

ಅವರು ಹೋದ ಮೇಲೆ, ಪಾಸು ಮಾಡಿಟ್ಟಿದ್ದ ಬಿಡಿಭಾಗಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಎಲ್ಲಾದರೂ ಗೆರೆ ತಪ್ಪಿಸಿಕೊಂಡಿದೆಯೇ ಎಂದು ಮತ್ತೆ ತೊಳೆಯಲು ಕೂತೆ.

ಈ ಸಲದ ಆಯುಧಪೂಜೆಗೆ ಕುಂಕುಮವನ್ನು ಬಾನೆಟ್ಟಿಗೆ ಮಾತ್ರ ಹಚ್ಚಿ, ದಯವಿಟ್ಟು. ಗಾಡಿಯ ಕೆಳಗಿನದಕ್ಕೆಲ್ಲ ಅರಿಶಿನ ಸಾಕು.