ನಾನು ಬಿಳಿ ಮಾಡಿದ ಬೆಟ್ಟ

ಕುವೈತಿನಲ್ಲಿ ನಾನು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳು ಅಂದರೆ, ಜನರನ್ನು ಬೆಳ್ಳಗೆ ಮಾಡುವುದು. ಜಹ್ರಾದ ಒಂದು ಫೋಟೋ ಅಂಗಡಿಯಲ್ಲಿ ಫಿಲ್ಮ್ ರೋಲು ತೊಳೆದು ಪ್ರಿಂಟು ಹಾಕುವ ಯಂತ್ರದ ಮುಂದೆ ಕೂತಿರುತ್ತಿದ್ದೆ. ಗಿರಾಕಿಗಳಲ್ಲಿ ಹೆಚ್ಚಿನವರು ಊರಿಗೆ ಫೋಟೋ ಕಳಿಸುವವರು. ಊರಿಗೆ ಹೋಗುವ ಫೋಟೋದಲ್ಲಿ ಯಾರೂ ಸೊರಗಿರಬಾರದು, ಯಾರೂ ಬಿಸಿಲಿಗೆ ಕರಕಲಾಗಿರಬಾರದು. ಕಟ್ಟಡದ ಕೆಲಸದಲ್ಲಿ ಕಂಬಿ ಕಟ್ಟಿ ಕಟ್ಟಿ ಸುಟ್ಟುಹೋದ ಮುಖವಾದರೆ ಡೆನ್ಸಿಟಿಯ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು, ಮುಖ ತಿಳಿಯಾಗುತ್ತಿತ್ತು, ಕಣ್ಣಿನ ಕೆಳಗಿನ ಕಪ್ಪು ಮಾಯವಾಗುತ್ತಿತ್ತು. ನಮ್ಮ ಮಂಗಳೂರಿನ ಕಡೆಯವರು ಮದುವೆ ಸಂಬಂಧಕ್ಕೆ ಕಳಿಸುವ ಫೋಟೋ ಆದರೆ ಮೂರು ಸಲ. ಇದು ಮೋಸ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕೈಗುಣ ಅಂದುಕೊಂಡು ಬೀಗುತ್ತಿದ್ದೆ.

ಅಂಗಡಿಯ ಪಕ್ಕದ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಉಗಾಂಡಾದ ಒಬ್ಬ ಹೆಂಗಸಿದ್ದಳು. ನಾನು ಅವಳನ್ನು ಸಿಸ್ಟರ್ ಅನ್ನುತ್ತಿದ್ದೆ, ಅವಳು ನನ್ನನ್ನು ಭಾಯಿ ಅನ್ನುತ್ತಿದ್ದಳು. ಅರ್ಧ ಅರಬ್ಬಿ, ಕಾಲು ಹಿಂದಿ, ಕಾಲು ಇಂಗ್ಲಿಷಿನಲ್ಲಿ ನಮ್ಮ ಮಾತು ನಡೆಯುತ್ತಿತ್ತು. ಒಂದು ದಿನ ಅವಳು ಒಂದು ರೋಲನ್ನೂ ಮೂಲೆ ಸುಕ್ಕಾದ ಒಂದು ಹಳೆಯ ಫೋಟೋವನ್ನೂ ಕೌಂಟರಿನ ಮೇಲಿಟ್ಟಳು. ಫೋಟೋದಲ್ಲಿ ಕಪ್ಪು ಬಂಡೆಗಳ ನೆತ್ತಿಯ ಮೇಲೆ ದಪ್ಪನೆಯ ಹಿಮವಿತ್ತು.

"ಇದು ನಮ್ಮೂರ ಬೆಟ್ಟ ಭಾಯಿ. ತಲ್ಜ್, ನೋಡು," ಅಂದಳು. ಐಸಿಗೂ ಹಿಮಕ್ಕೂ ಅರಬ್ಬಿಯಲ್ಲಿ ಅದೇ ಮಾತು.

"ಆಫ್ರಿಕಾದಲ್ಲಿ ಎಂಥ ಹಿಮ ಸಿಸ್ಟರ್, ಯಾರ ಕಿವಿಗೆ ಹೂವಿಡುತ್ತೀ?" ಅಂತ ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಬಿಡಿಸಿ ಹೇಳಿದಳು. ರುವೆಂಝೋರಿ ಬೆಟ್ಟಸಾಲಿನ ಬುಡದಲ್ಲಿ ಅವಳ ಊರು. ಬಿಸಿಲಿನ ನಾಡಾದರೂ ಬೆಟ್ಟದ ತುದಿಯಲ್ಲಿ ಹಿಮವಿದೆ, ಅಲ್ಲಿ ದೇವರಿದ್ದಾನೆ ಅಂತ ಅಜ್ಜಿಯಂದಿರ ನಂಬಿಕೆ. ಆ ಹಿಮ ಈಗ ವರ್ಷವರ್ಷಕ್ಕೂ ಕುಗ್ಗುತ್ತಿದೆ, ಅಲ್ಲಿಂದ ಊರಿಗೆ ಇಳಿದುಬರುವ ತೊರೆಯೂ ಬಡವಾಗುತ್ತಿದೆ. ಕರಗುವ ಹಿಮವನ್ನು ಹಿಡಿದಿಡುವುದು ಯಾರ ಕೈಯಲ್ಲೂ ಇಲ್ಲ, ಬಿದ್ದ ಮಳೆಯ ನೀರನ್ನಾದರೂ ಕಾಡು ಹಿಡಿದಿಟ್ಟುಕೊಳ್ಳಲಿ ಅಂತ ಊರಿನವರು ಸಮಿತಿ ಕಟ್ಟಿಕೊಂಡಿದ್ದರು. ಮೇಲಿನ ಇಳಿಜಾರಿನಲ್ಲಿ ಬಿದಿರು ಕಡಿಯಬಾರದು, ಇದ್ದಿಲು ಸುಡಬಾರದು, ಆಡು ಬಿಡಬಾರದು. ಹೊಟ್ಟೆಯ ಮೇಲೆ ಹೊಡೆಯುವ ಕಟ್ಟಳೆ ಅದು. ಸುಮ್ಮನೆ ಯಾರು ಪಾಲಿಸುತ್ತಾರೆ? ಕೆಳಗೆ ಊರಿನಿಂದ ನೋಡಿದರೆ ಬೆಟ್ಟದ ತುದಿಗೆ ಸದಾ ಮೋಡ, ಏನೂ ಕಾಣಿಸುವುದಿಲ್ಲ. ಅದಕ್ಕೇ ಸಮಿತಿಯ ಹಿರಿಯನಾದ ಅವಳ ಅಣ್ಣ ವರ್ಷಕ್ಕೊಮ್ಮೆ ಮೂರು ದಿನ ಬೆಟ್ಟ ಹತ್ತಿ, ಅದೇ ತಿಂಗಳಲ್ಲಿ, ಅದೇ ಕಲ್ಲಿನ ಮೇಲೆ ನಿಂತು ಒಂದು ಫೋಟೋ ತೆಗೆಯುತ್ತಿದ್ದ. ಅದನ್ನು ಶಾಲೆಯ ಗೋಡೆಗೆ ಹಾಕಿ, ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದ. ಅವರ ಪೇಟೆಯಲ್ಲಿ ದೊಡ್ಡ ಪ್ರಿಂಟು ಚೆನ್ನಾಗಿ ಬರುವುದಿಲ್ಲವೆಂದು ಆ ವರ್ಷದಿಂದ ಇವಳು ಅದನ್ನು ತನ್ನ ಪಾಲಿನ ಸೇವೆ ಅಂತ ವಹಿಸಿಕೊಂಡಿದ್ದಳು. ರಜೆ ಮುಗಿಸಿ ಬರುವವರ ಕೈಯಲ್ಲಿ ರೋಲು ಬರುತ್ತಿತ್ತು, ರಜೆಗೆ ಹೋಗುವವರ ಕೈಯಲ್ಲಿ ಪ್ರಿಂಟು ಹೋಗುತ್ತಿತ್ತು.

ಅವತ್ತು ಮೊದಲ ಪ್ರಿಂಟನ್ನು ಇದ್ದದ್ದು ಇದ್ದ ಹಾಗೆಯೇ ತೆಗೆದುಕೊಟ್ಟೆ. ಅವಳು ಅದನ್ನು ಹಳೆಯ ಫೋಟೋದ ಪಕ್ಕದಲ್ಲಿಟ್ಟು ನೋಡಿದಳು. ಬಂಡೆಯ ಮೇಲೆ ಹರಿದ ಬನಿಯನ್ನಿನ ಹಾಗೆ ಚೂರುಪಾರು ಬಿಳಿ ಉಳಿದಿತ್ತು, ಮಿಕ್ಕದ್ದೆಲ್ಲ ಒದ್ದೆ ಕಲ್ಲು, ಮಂಜು. "ತಲ್ಜ್ ಎಲ್ಲಿ?" ಅಂದಳು. ಬಾಯಿಗೆ ಕೈ ಅಡ್ಡ ಹಿಡಿದಳು. ಊರು ಬಿಟ್ಟು ನಾಲ್ಕು ವರ್ಷವಾಗಿತ್ತು ಅವಳಿಗೆ.

"ತಡಿ ಸಿಸ್ಟರ್, ಮೆಷಿನ್ ಸರಿಯಿರಲಿಲ್ಲ," ಅಂದುಬಿಟ್ಟೆ.

ಗುಂಡಿಯನ್ನು ಮೂರು ಸಲ ಒತ್ತಿದೆ. ಒದ್ದೆ ಬಂಡೆ ಬೆಳ್ಳಗಾಯಿತು, ಮಂಜೂ ಬೆಳ್ಳಗಾಗಿ ಅದಕ್ಕೆ ಕೂಡಿಕೊಂಡಿತು. ಮುಂದಿನ ಗಿಡಗಳು ತೀರಾ ಮಂಕಾದವು ಅಂತ ಆ ಭಾಗವನ್ನು ಕತ್ತರಿಸಿ ತೆಗೆದೆ. ಹೊಸ ಪ್ರಿಂಟು ಕಂಡು ಅವಳು, "ಝೈನ್ ಭಾಯಿ, ವಾಜಿದ್ ಝೈನ್!" ಬಹಳ ಚೆನ್ನಾಗಿದೆ ಅಂತ ನಗುತ್ತಾ ಚಪ್ಪಾಳೆ ಹೊಡೆದಳು. ಮೊದಲನೆಯದನ್ನು ನಾನು ಹರಿದು ಬುಟ್ಟಿಗೆ ಹಾಕಿದೆ. ಆ ದಿನವಿಡೀ ಏನೋ ಪುಣ್ಯದ ಕೆಲಸ ಮಾಡಿದ ಹಾಗೆ ಹಗುರವಾಗಿದ್ದೆ.

ಮರುವರ್ಷವೂ ಹಾಗೆಯೇ ಮಾಡಿದೆ, ಅದರ ಮರುವರ್ಷವೂ. ಹಿಮ ಕಡಿಮೆಯಾದಷ್ಟೂ ನನ್ನ ಬೆರಳು ಗುಂಡಿಯ ಮೇಲೆ ಹೆಚ್ಚು ಸಲ ಕುಣಿಯಿತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ನಾನು ಅದನ್ನು ಬೆಳ್ಳಗೂ ಮಾಡಿದೆ. ಒಂದು ಪ್ರಿಂಟನ್ನು ಅಲ್ಲೇ ಕುವೈತಿನ ರಿಗ್ಗೈಯಲ್ಲಿದ್ದ ನಮ್ಮ ಮನೆಗೂ ತಂದು ಹೆಂಡತಿಗೆ ತೋರಿಸಿ ಜಂಬ ಕೊಚ್ಚಿದೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಕೈ ಒರೆಸಿಕೊಂಡು ಬಂದು ನೋಡಿದವಳು ಕೊಂಕಣಿಯಲ್ಲಿ ಒಂದೇ ಮಾತು ಕೇಳಿದಳು: "ರೋಗಿಯ ಮನಸ್ಸಿಗೆ ನೋವಾಗುತ್ತದೆ ಅಂತ ಎಕ್ಸರೇಯನ್ನು ಯಾರಾದರೂ ಹೀಗೆ ತಿದ್ದುತ್ತಾರಾ?" ನಿನಗೆ ಕಲೆ ಗೊತ್ತಿಲ್ಲ ಅಂತ ಸಿಡುಕಿದೆ. ಊಟಕ್ಕೆ ಕೂತಾಗಲೂ ಅವಳ ಮುಖ ನೋಡಲಿಲ್ಲ.

ನಾಲ್ಕನೆಯ ವರ್ಷ ಸಿಸ್ಟರ್ ರೋಲು ತರಲಿಲ್ಲ. ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದು ಕೌಂಟರಿಗೆ ಒರಗಿ ನಿಂತಳು. ಊರಿನಿಂದ ಫೋನು ಬಂದಿತ್ತಂತೆ. ಶಾಲೆಯ ಗೋಡೆಯ ಫೋಟೋಗಳನ್ನು ನೋಡಿ ಊರಿನವರು, ಹಿಮ ತಿರುಗಿ ಬಂದಿದೆಯಲ್ಲ, ಇನ್ನು ನಮಗೇಕೆ ಈ ಉಪವಾಸ ಅಂದರು. ಕ್ಯಾಮೆರಾಕ್ಕೆ ಕಂಡದ್ದೇ ನಿಜವೇನೋ ಅಂತ ಅಲ್ಲಿಯವರೆಗೆ ಅವನ್ನು ಗೋಡೆಗೆ ಹಾಕುತ್ತಿದ್ದ ಅಣ್ಣ ಆಗ, ಇಲ್ಲ, ನಾನು ಕಣ್ಣಾರೆ ನೋಡಿದ್ದೇನೆ, ಬರೀ ಬಂಡೆ ಅಂದ. ಹಾಗಾದರೆ ಫೋಟೋ ಸುಳ್ಳೋ ನೀನು ಸುಳ್ಳೋ ಅಂತ ಕೇಳಿದರು. ಸಮಿತಿ ಒಡೆಯಿತು. ಇಳಿಜಾರಿಗೆ ಆಡುಗಳು ನುಗ್ಗಿದವು, ಬಿದಿರು ಉರುಳಿತು, ಇದ್ದಿಲ ಗುಂಡಿಗಳು ಹೊಗೆಯಾಡಿದವು. ಬೇಸಿಗೆಯಲ್ಲಿ ತೊರೆ ನಿಂತೇ ಹೋಯಿತು.

"ಅಣ್ಣನಿಗೆ ಈಗ ತನ್ನ ಕಣ್ಣಿನ ಮೇಲೇ ಅನುಮಾನ ಭಾಯಿ. ವಯಸ್ಸಾಯಿತು, ಪೊರೆ ಬಂದಿರಬೇಕು ಅನ್ನುತ್ತಾನೆ. ಈ ವರ್ಷ ಹತ್ತಲೇ ಇಲ್ಲ," ಅಂದಳು. ಆಮೇಲೆ, "ಫೋಟೋ ಸುಳ್ಳು ಹೇಳುತ್ತದಾ?" ಅಂತ ಕೇಳಿದಳು.

ಮೆಷಿನ್ ಯಾಕೆ ಸುಳ್ಳು ಹೇಳುತ್ತದೆ ಅಂದೆ. ಅಷ್ಟು ಹೇಡಿ ನಾನು. ಅವಳು ತಲೆಯಾಡಿಸಿ ಹೊರಟಳು. ಕ್ಲಿನಿಕ್ಕಿನ ಬಾಗಿಲಿನ ತನಕ ಹೋಗಿದ್ದವಳನ್ನು ಓಡಿಹೋಗಿ ನಿಲ್ಲಿಸಿದೆ. ರಸ್ತೆಯಲ್ಲೇ, ಬಿಸಿಲಿನಲ್ಲೇ ಎಲ್ಲವನ್ನೂ ಹೇಳಿದೆ. ನಿನ್ನ ಮುಖ ನೋಡಲಾಗಲಿಲ್ಲ ಸಿಸ್ಟರ್, ಅದಕ್ಕೇ ಅಂದೆ.

ಅವಳು ಕೂಗಾಡಲಿಲ್ಲ. "ನಾನು ಕೇಳಿದೆನಾ ಭಾಯಿ?" ಅಂದಳು. "ನಿನ್ನನ್ನು ಯಾರು ಕೇಳಿದರು?"

ನೆಗೆಟಿವ್‌ಗಳು ಇವೆಯಾ ಸಿಸ್ಟರ್ ಅಂತ ಮಾತ್ರ ಕೇಳಿದೆ.

ಪುಣ್ಯಕ್ಕೆ ನೆಗೆಟಿವ್‌ಗಳನ್ನು ಅವಳು ಜೋಪಾನವಾಗಿಟ್ಟಿದ್ದಳು. ಮರುದಿನ ತರಿಸಿಕೊಂಡು, ಗುಂಡಿ ಮುಟ್ಟದೆ, ಏನನ್ನೂ ಕತ್ತರಿಸದೆ, ಮೂರು ವರ್ಷದ್ದನ್ನೂ ದೊಡ್ಡದಾಗಿ ಪ್ರಿಂಟು ಹಾಕಿದೆ. ಸಾಲಾಗಿ ಇಟ್ಟು ನೋಡಿದೆ. ಮೂರನೆಯದರಲ್ಲಿ ಹಿಮ ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ತಪ್ಪು ಅಂಗಡಿಯದು, ಸಮಿತಿಯ ಹಿರಿಯನದಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಸಹಿ ಹಾಕಿ ಜೊತೆಗಿಟ್ಟೆ. ಊರಿಗೆ ಹೊರಟಿದ್ದ ಅವಳ ಗೆಳತಿಯ ಪೆಟ್ಟಿಗೆಯಲ್ಲಿ ಅವು ಹೋದವು. ಹೊಸ ಪ್ರಿಂಟು ತಲುಪಿದರೆ ಎಲ್ಲ ಸರಿಹೋಗುತ್ತದೆ ಅಂತ ದಿನ ಎಣಿಸಿದೆ. ಚರ್ಚಿನಲ್ಲಿ ಮಾಸ್ ಪೂಜೆಗೆ ಹೋದಾಗ ಮೊದಲ ಬಾರಿಗೆ ನನ್ನ ಮನೆಯವರಲ್ಲದವರಿಗಾಗಿ ಬೇಡಿಕೊಂಡೆ.

ಎರಡು ತಿಂಗಳ ಮೇಲೆ ಸಿಸ್ಟರ್ ಬಂದಳು. ನಾನು ಯಂತ್ರ ಬಿಟ್ಟು ಎದ್ದು ನಿಂತೆ.

"ತಲುಪಿತು," ಅಂದಳು. "ಯಾರೂ ನಂಬಲಿಲ್ಲ. ಇವು ಕಪ್ಪಾಗಿವೆ, ಅಂಗಡಿಯವನು ಕೆಡಿಸಿದ್ದಾನೆ ಅಂದರಂತೆ. ಕಾಗದವನ್ನು ಅಣ್ಣನೇ ಹೇಳಿ ಬರೆಸಿದ್ದು ಅಂದರಂತೆ."

"ಅಣ್ಣ?"

"ಅಣ್ಣ ನಂಬಿದ. ನನ್ನ ಕಣ್ಣು ಸರಿಯಿತ್ತು ಅಂತ ಅತ್ತನಂತೆ."

ಮುಂದಿನ ವರ್ಷ ರೋಲು ಬರಲಿ ಸಿಸ್ಟರ್, ನಾನು ಸರಿಯಾಗಿ ಮಾಡಿಕೊಡುತ್ತೇನೆ ಅಂದೆ. ಮಾತು ಬಾಯಿಂದ ಹೊರಟಾಗಲೇ ಎಷ್ಟು ಪೊಳ್ಳು ಅಂತ ಗೊತ್ತಾಯಿತು.

"ಖಲಾಸ್ ಭಾಯಿ, ಇನ್ನು ರೋಲು ಬರುವುದಿಲ್ಲ," ಅಂದಳು. "ಶಾಲೆಯ ಗೋಡೆಯ ಮೇಲೆ ನೀನು ಮಾಡಿದ ಬಿಳಿಯದೇ ಇದೆ. ಮಕ್ಕಳು ಅದನ್ನೇ ನೋಡಿಕೊಂಡು ಬೆಟ್ಟ ಬರೆಯಲು ಕಲಿಯುತ್ತಿದ್ದಾರಂತೆ."